ಹಸಿವಿಲ್ಲದವಳ ವ್ರತ

ನನ್ನ ತಂಗಿ ವಸುಧಾಳನ್ನು ಗಂಡನ ಮನೆಯಲ್ಲಿ ಹಗೇವು ಎಂದು ಕರೆಯುತ್ತಿದ್ದರು. ನೆಲದೊಳಗೆ ಜೋಳ ತುಂಬಿಡುವ ಹಗೇವು, ಎಷ್ಟು ಸುರಿದರೂ ತುಂಬದ್ದು. ಹೆಸರಿಟ್ಟವರು ಅವಳ ಅತ್ತೆ ಅಂಬಾಬಾಯಿ.

ರಾಯಚೂರಿನಾಚೆ, ತೆಲಂಗಾಣದ ಮಕ್ತಲ್‌ನಲ್ಲಿ ಒಂದು ಹನುಮಂತದೇವರ ಗುಡಿಯ ಪೂಜೆ ಆ ಮನೆತನದ್ದು. ಏಕಾದಶಿಯ ದಿನ ಆ ಮನೆಯಲ್ಲಿ ಅನ್ನದ ಪಾತ್ರೆ ಒಲೆ ಏರುವುದಿಲ್ಲ. ಹಿರಿಯರು ನೀರನ್ನೂ ಮುಟ್ಟುವುದಿಲ್ಲ. ಅಂಥ ಮನೆಗೆ ನಾವು ದಪ್ಪಗಿದ್ದ, ಹಸಿವು ತಡೆಯದ ಹುಡುಗಿಯನ್ನು ಕೊಟ್ಟೆವು. ಮದುವೆಯಾದ ವರ್ಷವೇ, ಒಂದು ಏಕಾದಶಿಯ ಮಧ್ಯಾಹ್ನ, ಬಾಗಿಲ ಹಿಂದೆ ಕೂತು ಒಣ ಅವಲಕ್ಕಿ ಮುಕ್ಕುತ್ತಿದ್ದಾಗ ಅವಳು ಸಿಕ್ಕಿಬಿದ್ದಳು. ಅಂದಿನಿಂದ ಅಂಬಾಬಾಯಿ ಅವಳ ಕೈಯಿಂದ ಮಡಿನೀರು ತೆಗೆದುಕೊಳ್ಳುವುದನ್ನು ಬಿಟ್ಟರು. ಮಗಳು ಶ್ರೀವಲ್ಲಿ ಹುಟ್ಟಿ, ಬೆಳೆದು, ರಾಯಚೂರಿಗೆ ಓದಲು ಹೋಗುವವರೆಗೂ ತೆಗೆದುಕೊಳ್ಳಲಿಲ್ಲ. ಹಸಿದವಳು ತಿಂದಳು, ಅದಕ್ಕೆ ಜೀವಮಾನದ ಶಿಕ್ಷೆ. ನನಗೆ ಆ ಮನೆಯ ಹೊಸ್ತಿಲು ದಾಟುವಾಗಲೆಲ್ಲ ಮೈ ಉರಿಯುತ್ತಿತ್ತು.

ಮುಂದೆ ಅವಳ ಹೊಟ್ಟೆಗೆ ಆಪರೇಷನ್ ಮಾಡಿದ ಸುಜಯೀಂದ್ರ ನನ್ನ ಜೊತೆ ಓದಿದವನು. ಕೃಷ್ಣೆಯ ದಂಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವರು ನಾವು. ಅವನಪ್ಪ ಗದ್ವಾಲ್ ಕಡೆಯ ಗುಡಿಯೊಂದರ ಪೂಜಾರಿ. ನಾನು ಓದು ಬಿಟ್ಟು ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟೆ. ಅವನು ಹೈದರಾಬಾದಿಗೆ ಹೋಗಿ ಸರ್ಜನ್ ಆದ.

ಲಾರಿ ಹೊಡೆದವರನ್ನು, ಮೋಟಾರ್‌ಸೈಕಲ್ಲಿನಿಂದ ಬಿದ್ದವರನ್ನು ಜೋಡಿಸುವುದು ಅವನ ಮೊದಲ ಕೆಲಸ. ಅದರ ಜೊತೆ ಒಂದು ಹುಚ್ಚು: ಜೋಡಿಸಿ ಕಳಿಸಿದವರು ಮುಂದೆ ಏನಾದರು ಎಂದು ಹಿಂದೆ ಬೀಳುವುದು. "ಕೊಯ್ಯಾಕ ಎಲ್ಲರಿಗೂ ಬರತೈತಿ. ಕೊಯ್ದ ಮ್ಯಾಲ ಅಂವ ಎದ್ದು ದುಡದ್ನೋ ಮೂಲಿಗೆ ಬಿದ್ನೋ ಅಂತ ಯಾರು ಕೇಳ್ತಾರೋ?" ಎನ್ನುತ್ತಿದ್ದ. ಆ ಒಂದು ಮಾತಿಗೆ ನಾನು ಅವನನ್ನು ಮೆಚ್ಚಿದ್ದೆ.

ಮೊದಮೊದಲು ಅವನು ಫೋನಿನಲ್ಲೇ ಕೇಳುತ್ತಿದ್ದ. ನಮ್ಮ ಪೇಟೆಯ ನೇಕಾರ ಮಾರ್ಕಂಡೇಯನ ತೊಡೆಗೆ ಅವನು ರಾಡು ಹಾಕಿದ್ದ. ವರ್ಷದ ಮೇಲೆ ಫೋನು ಮಾಡಿದಾಗ ಮಾರ್ಕಂಡೇಯನ ಹೆಂಡತಿ ಶಂಕರಮ್ಮ ಎತ್ತಿಕೊಂಡಳು.

"ಮಗ್ಗಕ್ಕ ಕೂಡ್ತಾನೇನಮ್ಮ?"

"ಕೂಡ್ತಾರ್ರಿ ಸಾರ್."

ಕೆಲಸಕ್ಕೆ ಮರಳಿದ್ದಾನೆ ಎಂದು ಬರೆದುಕೊಂಡ. ಮುಂದೆ ನನ್ನ ಅಂಗಡಿಗೆ ಬಂದವನು, ಬಂದಿದ್ದೇನಲ್ಲ ನೋಡೇ ಹೋಗೋಣ ಎಂದು ಅವರ ಮನೆಗೆ ಹೊರಟ. ನಾನೂ ಜೊತೆಗಿದ್ದೆ. ನಮ್ಮ ಕಡೆಯದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಮಾರ್ಕಂಡೇಯ ಕುಣಿಯಲ್ಲಿ ಕೂತೇ ಇದ್ದ. ಅವನ ಮೊಳಕಾಲು ಕೊರಡಾಗಿತ್ತು, ಪಾದ ಹಲಗೆಗೆ ಮುಟ್ಟುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹೆಂಡತಿ ಅವನನ್ನು ಅಲ್ಲಿ ಇಳಿಸುತ್ತಿದ್ದಳು, ಸಂಜೆ ಎತ್ತುತ್ತಿದ್ದಳು. ನೆಲದ ಮೇಲೆ ಕೂತರೆ ಬೀಳುತ್ತಿದ್ದ, ಕುಣಿಯಲ್ಲಿ ಬೀಳುತ್ತಿರಲಿಲ್ಲ, ಅಷ್ಟೇ.

"ಫೋನಿನ್ಯಾಗ ಕೂಡ್ತಾರ ಅಂದೆಲ್ಲಮ್ಮ?" ಎಂದ ಸುಜಯೀಂದ್ರ.

"ಕುಂತಾರಲ್ರಿ ಸಾರ್! ನೇಯ್ತಾರ ಅಂತ ನಾ ಎಲ್ಲಿ ಅಂದೆ? ನೀವು ಕೇಳಿದ್ದು ಕೂಡೋದು."

ಮಾರ್ಕಂಡೇಯ ನಕ್ಕ. "ನಮ್ಮಾಕಿ ಸುಳ್ಳು ಹೇಳಂಗಿಲ್ಲ ಸಾರ್. ಕೇಳಾಕ ಬರಬೇಕು."

ಅಂದಿನಿಂದ ಸುಜಯೀಂದ್ರ ಫೋನಿನ ಮಾತು ನಂಬುವುದನ್ನು ಬಿಟ್ಟ. ಕೋಸಗಿ, ಮದ್ದೂರು, ಕೆ.ಟಿ. ದೊಡ್ಡಿ ಎಂದು ಸುತ್ತಲಿನ ಊರುಗಳಲ್ಲಿ ರಜೆಯ ದಿನಗಳಲ್ಲಿ ಮನೆಮನೆಗೆ ತಿರುಗಿದ. ತಾನು ಗೆದ್ದೆ ಎಂದುಕೊಂಡಿದ್ದ ಎಷ್ಟೋ ಕಾಲುಗಳು ಸೋತಿದ್ದವು. ಅದನ್ನು ಮುಚ್ಚಿಡದೆ ಬರೆದ. ಆ ಬರಹದಿಂದಲೇ ಅವನಿಗೆ ಹೆಸರು ಬಂತು, ಹೊರದೇಶದಿಂದ ಕರೆ ಬಂದವು.

ಹೆಸರು ಬಂದ ಮೇಲೆ ಹೈದರಾಬಾದಿನ ಒಂದು ದೊಡ್ಡ ಖಾಸಗಿ ದವಾಖಾನೆಯವರು ಇನ್ನೊಂದು ಕೆಲಸವನ್ನೂ ಅವನಿಗೆ ಕೊಟ್ಟರು: ಅತಿ ದಪ್ಪ ಇರುವವರ ಹೊಟ್ಟೆಯ ಚೀಲ ಕೊಯ್ದು ಸಣ್ಣದು ಮಾಡುವುದು. ಅಲ್ಲಿಯೂ ಅವನು ಲೆಕ್ಕ ಇಟ್ಟ, ಬರೆದ, ಭಾಷಣ ಮಾಡಿದ. ಆದರೆ ಆ ರೋಗಿಗಳ ಮನೆಗೆ ಹೋಗಲಿಲ್ಲ. ವಾರಕ್ಕೊಮ್ಮೆ ಅವರು ತಕ್ಕಡಿಯ ಮೇಲೆ ನಿಂತು ಫೋಟೋ ಕಳಿಸಿದರೆ ಸಾಕಿತ್ತು.

"ಇವರ ಮನಿಗೆ ಹೋಗಂಗಿಲ್ಲೇನು?" ಎಂದು ಕೇಳಿದ್ದೆ.

"ಬಾಯಿ ಸುಳ್ಳು ಹೇಳತೈತಿ. ತಕ್ಕಡಿ ಹೇಳಂಗಿಲ್ಲ," ಎಂದಿದ್ದ.

ವಸುಧಾಳ ಮೊಳಕಾಲು ಸವೆದು, ಸಕ್ಕರೆ ಏರಿ, ಗುಡಿಯ ಮೆಟ್ಟಿಲು ಹತ್ತಲಾಗದ ಸ್ಥಿತಿ ಬಂದಾಗ ನಾನೇ ಸುಜಯೀಂದ್ರನನ್ನು ಮಕ್ತಲ್‌ಗೆ ಕರೆದುಕೊಂಡು ಹೋದೆ. ಅವಳ ಗಂಡ ಸುಶಮೀಂದ್ರ ಒಳ್ಳೆಯವನು. ಒಳ್ಳೆಯವನು ಎಂದರೆ, ಎಲ್ಲದಕ್ಕೂ ಅವ್ವನ ಮುಖ ನೋಡುವವನು. ಅಂದೂ ನೋಡಿದ.

ಅಂಬಾಬಾಯಿ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದರು. "ಹೊಟ್ಟಿ ಕೊಯ್ಸಿಕೊಂಡ್ರ ಹಗೇವು ಮುಚ್ಚತದೇನಪಾ ಡಾಕ್ಟರಾ?"

"ಹಸಿವಿ ಹುಟ್ಟೋ ಭಾಗಾನ ತಗದಹಾಕ್ತೀನ್ರಿ ಅಮ್ಮಾವ್ರ. ಹಗೇವು ಇರಂಗಿಲ್ಲ, ಗಿಂಡಿ ಇರತೈತಿ."

ವಸುಧಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ತೂಕ ಇಳಿಯುತ್ತದೆ ಎಂದು ಕೇಳಲಿಲ್ಲ. ನೋವಾಗುತ್ತದೆಯೇ ಎಂದು ಕೇಳಲಿಲ್ಲ.

"ಏಕಾದಶಿ ದಿನಾನೂ ಹಸಿವಿ ಆಗಂಗಿಲ್ಲೇನ್ರಿ?" ಎಂದು ಕೇಳಿದಳು.

ಸುಜಯೀಂದ್ರ ದೊಡ್ಡದಾಗಿ ನಕ್ಕ. "ಯಾವ ದಿನಾನೂ ಆಗಂಗಿಲ್ಲ, ತಂಗಿ."

ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

ಮಾಘದಲ್ಲಿ ಆಪರೇಷನ್ ಆಯಿತು. ಜೀವನವಿಡೀ ವಿಟಮಿನ್ ನುಂಗಬೇಕು ಎಂದು ಸುಜಯೀಂದ್ರ ಬರೆದುಕೊಟ್ಟ. ಕ್ಯಾಪ್ಸೂಲಿನ ಸಿಪ್ಪೆಯನ್ನು ದನದ ಎಲುಬಿನಿಂದ ಮಾಡಿರುತ್ತಾರೆ, ಪೂಜಾರಿ ಮನೆಯವರು ನುಂಗುವುದಿಲ್ಲ ಎಂದು ತಾನೇ ನೆನೆದು ಎಲ್ಲವನ್ನೂ ಮಾತ್ರೆಯ ರೂಪದಲ್ಲೇ ಕೊಡಿಸಿದ. ಇಷ್ಟು ತಿಳಿದವನು ನೋಡಿ ಅವನು.

ಅವಳು ಕರಗಿದಳು. ಬಳೆ ಜಾರಿದವು, ರವಿಕೆ ಜೋತುಬಿದ್ದವು. ಸುಶಮೀಂದ್ರ ವಾರವಾರ ತಕ್ಕಡಿಯ ಫೋಟೋ ಕಳಿಸುತ್ತಿದ್ದ. ಅರ್ಧ ವರ್ಷಕ್ಕೆ ಇಳಿಯಬೇಕಾದ್ದು ಬೇಸಿಗೆ ಮುಗಿಯುವುದರೊಳಗೆ ಇಳಿಯಿತು. "ನನ್ನ ಪೇಶಂಟ್‌ನ್ಯಾಗ ನಿನ್ನ ತಂಗೀನ ಮೊದಲ ನಂಬರು," ಎಂದು ಸುಜಯೀಂದ್ರ ನನಗೆ ಫೋನು ಮಾಡಿ ಹೇಳಿದ. ಮುಖ ಮರೆಮಾಡಿ ಅವಳ ಮೊದಲಿನ ಚಿತ್ರ, ಈಗಿನ ಚಿತ್ರ ಎರಡನ್ನೂ ಸಭೆಗಳಲ್ಲಿ ತೋರಿಸಿದನಂತೆ.

ಮನೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಆಪರೇಷನ್ ನಂತರದ ಮೊದಲ ಏಕಾದಶಿ ವಸುಧಾ ನೀರೂ ಮುಟ್ಟದೆ ಇದ್ದಳು. ಮುಖ ಬಾಡಲಿಲ್ಲ, ಒಮ್ಮೆಯೂ ಅಡುಗೆಮನೆ ಕಡೆ ಕಣ್ಣು ಹಾಯಿಸಲಿಲ್ಲ. ಮರುದಿನ ದ್ವಾದಶಿ, ಬೆಳಗ್ಗೆ ಪಾರಣೆಗೆ, ಅಂದರೆ ಉಪವಾಸ ಬಿಡುವ ಊಟಕ್ಕೆ, ಎಲ್ಲರೂ ಕೂತ ಮೇಲೆ ಕೊನೆಗೆ ಕೂತಳು. ಹುಣ್ಣಿಮೆ, ಅಮಾವಾಸ್ಯೆ, ಶ್ರವಣ ನಕ್ಷತ್ರದ ಉಪವಾಸಗಳನ್ನೂ ಸೇರಿಸಿಕೊಂಡಳು. ಅಂಬಾಬಾಯಿ ನೋಡಿದರು, ನೋಡಿದರು. ಜ್ಯೇಷ್ಠದ ಒಂದು ಬೆಳಿಗ್ಗೆ ತಮ್ಮ ತಂಬಿಗೆಯನ್ನು ಅವಳ ಮುಂದೆ ಇಟ್ಟು, "ನೀರು ತಾ" ಎಂದರು.

ವಸುಧಾ ಅದನ್ನು ನನಗೆ ಫೋನಿನಲ್ಲಿ ಹೇಳಿ ಅತ್ತಳು. ಮಗಳು ಹುಟ್ಟಿದಾಗಲೂ ಅವಳು ಹಾಗೆ ಸಂತೋಷಪಟ್ಟಿರಲಿಲ್ಲ.

ಗದ್ವಾಲ್‌ನಿಂದ, ರಾಯಚೂರಿನಿಂದ ಬಂದ ನೆಂಟರ ಮುಂದೆ ಅಂಬಾಬಾಯಿ ಹೇಳಿಕೊಂಡರು: "ನಮ್ಮ ಸೊಸಿ ನಿಷ್ಠಿ ನೋಡ್ರಿ. ನನಗೂ ಇಷ್ಟು ಆಗೂದಿಲ್ಲ." ಹಗೇವು ಎಂಬ ಮಾತು ಆ ಮನೆಯಿಂದ ಮಾಯವಾಯಿತು. ಆಷಾಢದಲ್ಲಿ ಚಾತುರ್ಮಾಸ್ಯ ಬಂದಾಗ ವಸುಧಾ ಧಾರಣೆ-ಪಾರಣೆ ಹಿಡಿದಳು. ತಿಂಗಳಿಡೀ, ಒಂದು ದಿನ ಧಾರಣೆ, ಅಂದರೆ ನೀರೂ ಇಲ್ಲದ ಉಪವಾಸ, ಮರುದಿನ ಪಾರಣೆಯ ಒಂದು ಊಟ, ಮತ್ತೆ ಉಪವಾಸ. ಗಟ್ಟಿ ಹೆಂಗಸರೇ ಹಿಂಜರಿಯುವ ವ್ರತ. ಚಾತುರ್ಮಾಸ್ಯದ ನೇಮದಂತೆ ಆ ತಿಂಗಳು ಮನೆಯಲ್ಲಿ ತರಕಾರಿಯೂ ಇಲ್ಲ, ಹಣ್ಣೂ ಇಲ್ಲ.

ನಾನು ಹೋದದ್ದು ಒಂದು ಪಾರಣೆಯ ದಿನ. ಎಲೆಯ ಮೇಲೆ ಅವಳು ನಾಲ್ಕು ತುತ್ತು ಅನ್ನ ತಿಂದಳು. ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋದಳು. ಹಿಂದೆಯೇ ಹೋದೆ. ಬಚ್ಚಲ ಗೋಡೆ ಹಿಡಿದು ಎಲ್ಲವನ್ನೂ ಕಾರಿಕೊಳ್ಳುತ್ತಿದ್ದಳು.

"ಎಷ್ಟು ದಿನದಿಂದ ಇದು?"

"ಏನಿಲ್ಲೋ ಅಣ್ಣಾ. ಅತ್ತೀಗೆ ಹೇಳಬ್ಯಾಡ. ಅನ್ನ ಕಾರಿಕೊಂಡ್ರ ವ್ರತಕ್ಕ ದೋಷ."

"ವ್ರತಕ್ಕ ಬೆಂಕಿ ಹಚ್ಚು! ಕಾಲು ಯಾಕ ಹಂಗ ಅಗಲ ಇಡಾಕತ್ತಿ?"

"ಅಂಗಾಲಾಗ ಇರುವಿ ಹರದಂಗ ಆಗತೈತಿ. ಹೋಗತೈತಿ ತಗೋ."

ಅಲ್ಲಿಯೇ ನಿಂತು ಸುಜಯೀಂದ್ರನಿಗೆ ಫೋನು ಹಚ್ಚಿದೆ. ಅವನು ದಿಲ್ಲಿಗೆ ಭಾಷಣಕ್ಕೆ ಹೊರಟು ವಿಮಾನ ನಿಲ್ದಾಣದಲ್ಲಿದ್ದ. ಫೋನು ಅವಳ ಕೈಗೆ ಕೊಟ್ಟೆ. ಅವನ ಮಾತು ನನಗೂ ಕೇಳಿಸುತ್ತಿತ್ತು.

"ಮಾತ್ರಿ ತಪ್ಪಿಲ್ಲಲ್ಲ, ತಂಗಿ?"

"ತಪ್ಪಿಲ್ರಿ."

"ಹಸಿವಿ?"

"ಒಟ್ಟ ಇಲ್ರಿ."

"ಶಾಬಾಸ್. ಅವಸರದಿಂದ ಉಂಡ್ರ ವಾಂತಿ ಆಗತೈತಿ, ಸಾವಕಾಶ ಉಣ್ಣು. ಶನಿವಾರ ಬಂದು ತೋರಸಿಕೊಂಡು ಹೋಗು."

ವ್ರತದ ಮಾತು ಅವಳು ಎತ್ತಲಿಲ್ಲ. ನಾನು ಫೋನು ಕಿತ್ತುಕೊಳ್ಳುವುದರೊಳಗೆ ವಿಮಾನ ಹೊರಡುತ್ತಿದೆ ಎಂದು ಅವನು ಇಟ್ಟಿದ್ದ. ಮಾತ್ರೆ ನಿಜವಾಗಿ ನುಂಗುತ್ತಿದ್ದೀಯಾ ಎಂದು ಗದರಿಸಿದೆ.

"ಉಣ್ಣೋ ದಿನ ನುಂಗ್ತೀನಲ್ಲ."

"ಉಪವಾಸದ ದಿನ?"

"ಉಪವಾಸದ ದಿನ ಯಾರರೆ ಮಾತ್ರಿ ನುಂಗ್ತಾರೇನೋ? ಅದು ತಪ್ಪಿದಂಗಲ್ಲ."

ಉಣ್ಣುವ ದಿನ ನುಂಗಿದ್ದೂ ಅನ್ನದ ಜೊತೆ ಬಚ್ಚಲಿಗೆ ಹೋಗುತ್ತಿತ್ತು. ಶನಿವಾರ ನಾನು ಕಾರು ಮಾಡಿಕೊಂಡು ಹೋದೆ. ಅಂದು ಧಾರಣೆ, ಮಡಿಯಲ್ಲಿದ್ದೇನೆ, ಬರುವುದಿಲ್ಲ ಎಂದಳು. "ತಿಂಗಳು ಮುಗೀಲಿ ಅಣ್ಣಾ. ಜನ್ಮದಾಗ ಒಮ್ಮೆ ನಮ್ಮತ್ತಿ ನನ್ನ ಕೈನೀರು ಕುಡದಾರ. ಈಗ ಬಿಟ್ರ ಮತ್ತ ಹಗೇವು ಆಗ್ತೀನಿ." ಅಂಬಾಬಾಯಿ ಒಳಗಿಂದ, "ಇನ್ನ ಸ್ವಲ್ಪ ದಿನ ಅದ ವೆಂಕಟೇಶ, ದೇವರು ನಡಸ್ತಾನ," ಎಂದರು. ಸುಶಮೀಂದ್ರ ಅವ್ವನ ಮುಖ ನೋಡಿದ. ನಾನು ಬೈದೆ, ಕೂಗಾಡಿದೆ, ಖಾಲಿ ಕಾರಿನಲ್ಲಿ ವಾಪಸು ಬಂದೆ. ವ್ರತದ ಸಂಗತಿ ಸುಜಯೀಂದ್ರನಿಗೆ ಹೇಳೋಣವೆಂದರೆ, ಇನ್ನೊಂದು ಸಭೆಗೆಂದು ದಿಲ್ಲಿಯಲ್ಲೇ ಉಳಿದಿದ್ದ ಅವನು ಫೋನಿಗೆ ಸಿಗಲಿಲ್ಲ.

ಮುಂದಿನ ವಾರ ಅವಳಿಗೆ ಒಂದು ದೀಪ ಹಚ್ಚಿದರೆ ಎರಡು ಕಾಣತೊಡಗಿದವು. ಹನುಮಂತದೇವರ ಮುಖವೂ ಎರಡು. ನೋಡಲು ಬಂದಿದ್ದ ಗದ್ವಾಲ್‌ನ ಅನಂತಮ್ಮ ಎಂಬ ಮುದುಕಿ ಕೆನ್ನೆ ಬಡಿದುಕೊಂಡು, ಇದು ದೇವರ ಅನುಗ್ರಹ ಎಂದಳು. ಗಲ್ಲಿಯ ಹೆಂಗಸರು ಬಂದು ವಸುಧಾಳ ಕಾಲು ಮುಟ್ಟಿ ಹೋದರು. ನನಗೆ ಯಾರೂ ಫೋನು ಮಾಡಲಿಲ್ಲ, ಬೈಯುತ್ತೇನೆಂದು.

ಗುಡಿಯ ಬಾವಿಯಿಂದ ಮಡಿನೀರು ಹೊತ್ತು ಇಳಿಯುವಾಗ ಅವಳಿಗೆ ಮೆಟ್ಟಿಲೂ ಎರಡೆರಡು ಕಂಡಿರಬೇಕು. ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಳು. ಕೊಡದ ಸಮೇತ ಉರುಳಿ ತೊಡೆಯ ಎಲುಬು ಮುರಿದುಕೊಂಡಳು.

ಸುಶಮೀಂದ್ರ ಅವಳನ್ನು ಗದ್ವಾಲ್‌ನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಒಯ್ದ. ನಾನು ನಾರಾಯಣಪೇಟೆಯಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಕಾಲಿಗೆ ಪಟ್ಟಿ ಕಟ್ಟಿ, ಉಪವಾಸ ಇದ್ದ ಹೆಣ್ಣುಮಗಳೆಂದು ಗ್ಲೂಕೋಸ್ ಏರಿಸುತ್ತಿದ್ದರು. ಒಂದು ಬಾಟಲಿ ಮುಗಿದರೆ ಇನ್ನೊಂದು. "ಏಂ ಕಾದು ಸಾರ್, ನೀರಸಮೇ," ಏನಿಲ್ಲ, ಬರೀ ನಿಶ್ಶಕ್ತಿ ಎಂದಳು ತೆಲುಗಿನ ನರ್ಸು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಸಂಜೆ ವಸುಧಾ ನನ್ನನ್ನು ಅಣ್ಣಾ ಎಂದಳು. ಬೆಳಗಾದ ಮೇಲೆ ನನ್ನ ಮುಖ ನೋಡಿ, "ಪಂಚಾಂಗ ಹೇಳಾಕ ಬಂದವ್ರೇನ್ರಿ?" ಎಂದು ಕೇಳಿದಳು.

ಅಂದೇ ಹೈದರಾಬಾದಿಗೆ ಒಯ್ದೆವು. ಅಲ್ಲಿ ಸುಜಯೀಂದ್ರನ ಕೈಕೆಳಗಿನ ಡಾಕ್ಟರುಗಳು ತೊಡೆಗೆ ರಾಡು ಹಾಕಿದರು. ಮಾತು ತಪ್ಪುತ್ತಿದೆಯಲ್ಲ ಎಂದರೆ, ಬೀಳುವಾಗ ತಲೆಗೆ ಪೆಟ್ಟಾಗಿದೆ, ಸ್ಕ್ಯಾನಿನಲ್ಲಿ ಏನೂ ಇಲ್ಲ, ಸರಿಹೋಗುತ್ತದೆ ಎಂದರು. ಸುಜಯೀಂದ್ರ ದಿಲ್ಲಿಯಿಂದ ತಿರುಗಿ ಬಂದವನು ನೇರ ವಾರ್ಡಿಗೆ ಬಂದ. ಸೂಟುಕೋಟು ಹಾಗೇ ಇತ್ತು. ಅವಳ ಮುಖದ ಮುಂದೆ ಬೆರಳು ಹಿಡಿದು, "ಇಲ್ಲಿ ನೋಡು ತಂಗಿ," ಎಂದ. ಬೆರಳು ಪಕ್ಕಕ್ಕೆ ಸರಿದರೆ ಅವಳ ಕಣ್ಣು ಹಿಂಬಾಲಿಸಲಿಲ್ಲ, ನಿಂತಲ್ಲೇ ನಡುಗಿತು.

"ಒಂದು ತಿಂಗಳು ಏನು ಉಂಡಾಳ ಈಕಿ?"

"ಧಾರಣಿ-ಪಾರಣಿ ಹಿಡದಿದ್ಲು."

"ಧಾರಣಿ-ಪಾರಣಿನಾ? ನೀರೂ ಇಲ್ಲದ?"

"ನಿಮ್ಮವ್ವ ಮಾಡ್ತಿದ್ಲಲ್ಲೋ. ಅದಾ."

ಅವನು ಕೂಗಿ ನರ್ಸನ್ನು ಕರೆದ, ಸೂಜಿಯ ಮೇಲೆ ಸೂಜಿ ಹಾಕಿಸಿದ. ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದ: ಬಿ-ಒನ್ ಎಂಬ ಒಂದು ವಿಟಮಿನ್ ಮೈಯಲ್ಲಿ ಪೂರ್ತಿ ಬತ್ತಿದೆ. ಅದಿಲ್ಲದಿದ್ದರೆ ಮೊದಲು ಕಾಲು, ಆಮೇಲೆ ಕಣ್ಣು, ಆಮೇಲೆ ಬುದ್ಧಿ. ಬತ್ತಿದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಹನಿಯೂ ಅದಕ್ಕೇ ಖರ್ಚಾಗುತ್ತದೆ. ಮೊದಲು ಬಿ-ಒನ್ ಸೂಜಿ ಹಾಕಿ ಆಮೇಲೆ ಬಾಟಲಿ ಹಚ್ಚಬೇಕಿತ್ತು.

"ಈಗ ಸೂಜಿ ಹಾಕಿದೆಲ್ಲ. ಆರಾಮ ಆಗ್ತಾಳೇನು?"

"ಕಣ್ಣು ಬರತಾವ. ಕಾಲು ಬರಬಹುದು."

"ಬುದ್ಧಿ?"

ಅವನು ಇಲ್ಲ ಎಂದು ತಲೆ ಅಲ್ಲಾಡಿಸಿದ. ನಾನು ಅವನ ಕೋಟಿನ ಎದೆ ಹಿಡಿದು ಗೋಡೆಗೆ ಒತ್ತಿದೆ.

"ಮಾರ್ಕಂಡೇಯನ ಮನಿಗೆ ಹೋದಿ. ಕೆ.ಟಿ. ದೊಡ್ಡಿಗೆ ಹೋದಿ. ಕಾಲು ಮುರದವ್ರು ಎಲ್ಲಿದ್ರೂ ಹೋದಿ. ಮಕ್ತಲ್ ದಾಟೇ ಹೋಗ್ತಿದ್ದೆಲ್ಲೋ ಮಗನ! ನನ್ನ ತಂಗಿ ಮನಿ ಮುಂದ ಒಂದು ಸಲ ಇಳದಿ ಏನು?"

"ತಕ್ಕಡಿ ನೋಡ್ತಿದ್ದೆ," ಎಂದ. "ಹಸಿವಿ ಇಲ್ಲ ಅಂದ್ಲು. ನನ್ನ ಲೆಕ್ಕದಾಗ ಹಸಿವಿ ಇಲ್ಲ ಅಂದ್ರ ಗೆದ್ದಂಗ."

ವಾರ್ಡ್‌ಬಾಯ್‌ಗಳು ಓಡಿಬಂದರು. ಏನಿಲ್ಲ, ನಮ್ಮವನೇ ಎಂದು ಅವನೇ ಅವರನ್ನು ಕಳಿಸಿದ.

ಕಣ್ಣು ಬಂತು. ಎಲುಬು ಕೂಡಿತು. ದೀಪಾವಳಿಯ ಹೊತ್ತಿಗೆ ಕೋಲಿಲ್ಲದೆ ನಡೆದಳು. ನಡೆದು ಎಲ್ಲಿಗೆ ಹೋಗುತ್ತಿದ್ದೇನೆಂದು ಮಾತ್ರ ಗೊತ್ತಿರುತ್ತಿರಲಿಲ್ಲ. ಈಗ ಹೇಳಿದ್ದು ಗಳಿಗೆಯಲ್ಲಿ ಮರೆತುಹೋಗುತ್ತಿತ್ತು. ಕೇಳಿದ್ದಕ್ಕೆ ಬಾಯಿಗೆ ಬಂದದ್ದನ್ನು ಕಟ್ಟಿ, ನಂಬಿ ಹೇಳುತ್ತಿದ್ದಳು. ರಾಯಚೂರಿನಿಂದ ಶ್ರೀವಲ್ಲಿ ಬಂದರೆ ಯಾರ ಮನೆಯ ಹುಡುಗಿ ಎಂದು ಉಪಚರಿಸಿ, ನಮ್ಮ ಶ್ರೀವಲ್ಲಿ ಇನ್ನೂ ಶಾಲೆಯಿಂದ ಬಂದಿಲ್ಲ ನೋಡ್ರಿ ಎನ್ನುತ್ತಿದ್ದಳು. ಆ ಹುಡುಗಿ ಆಮೇಲೆ ಊರಿಗೆ ಬರುವುದನ್ನು ಕಡಿಮೆ ಮಾಡಿತು. ನಾನು ಅದನ್ನು ಬೈಯುವುದಿಲ್ಲ.

ಸುಜಯೀಂದ್ರನ ಎರಡು ಲೆಕ್ಕದಲ್ಲೂ ವಸುಧಾ ಇದ್ದಳು, ಒಮ್ಮೆ ಹೊಟ್ಟೆ ಕೊಯ್ಸಿಕೊಂಡವಳಾಗಿ, ಒಮ್ಮೆ ಬಿದ್ದು ಎಲುಬು ಮುರಿದುಕೊಂಡವಳಾಗಿ. ಅವನೇ ನನ್ನ ಅಂಗಡಿಗೆ ಬಂದು ಹೇಳಿದ. ತೂಕ ಇಳಿದಿದೆ, ಮತ್ತೆ ಏರಿಲ್ಲ: ಪಾಸು. ಎಲುಬು ಕೂಡಿದೆ, ನಡೆಯುತ್ತಾಳೆ: ಅಲ್ಲಿಯೂ ಪಾಸು. ನಿಯಮದ ಪ್ರಕಾರ ಹಾಗೇ ಬರೆಯಬೇಕು ಎಂದು ಜೊತೆಯವರು ಹೇಳಿದರಂತೆ. ಇವನು ಎರಡರಲ್ಲೂ ಫೇಲು ಎಂದು ಬರೆದ. ಜೊತೆಯವರು ಬರಹದಿಂದ ತಮ್ಮ ಹೆಸರು ತೆಗೆಸಿದರು, ಅದು ಅಚ್ಚಾಗದೆ ನಿಂತಿತು. ಈಗ ಹೊಟ್ಟೆ ಕೊಯ್ಸಿಕೊಂಡ ಪ್ರತಿಯೊಬ್ಬರ ಮನೆಗೂ ಹೋಗುತ್ತಿದ್ದೇನೆ, ಒಲೆ ನೋಡುತ್ತೇನೆ, ತಟ್ಟೆ ನೋಡುತ್ತೇನೆ, ಯಾವ ಯಾವ ದಿನ ಉಣ್ಣುವುದಿಲ್ಲ ಎಂದು ಕೇಳುತ್ತೇನೆ ಎಂದ.

"ಅದರಿಂದ ನನ್ನ ತಂಗೀಗೆ ಏನಾತು?"

"ಏನೂ ಆಗಲಿಲ್ಲ."

ಚಹಾ ತರಿಸಿದೆ. ಇಬ್ಬರೂ ಕುಡಿಯಲಿಲ್ಲ.

ವಸುಧಾಳ ತಲೆ ಒಂದೇ ತಿಂಗಳಲ್ಲಿ ಸಿಕ್ಕಿಕೊಂಡಿತ್ತು: ಆ ಧಾರಣೆ-ಪಾರಣೆಯ ತಿಂಗಳು. ಎಲೆ ಹಾಕಿದರೆ, "ಇವತ್ತು ಧಾರಣಿ ಅಲ್ಲೇನು?" ಎಂದು ಎದ್ದುಬಿಡುತ್ತಿದ್ದಳು. ಹಸಿವು ಅವಳನ್ನು ಎಲೆಗೆ ಎಳೆಯುವ ಹಾಗಿರಲಿಲ್ಲ. ಅದನ್ನು ಮಾಘದಲ್ಲೇ ಕೊಯ್ದು ಬಿಸಾಡಿಯಾಗಿತ್ತು. ಹೊತ್ತುಹೊತ್ತಿಗೂ ಅಂಬಾಬಾಯಿ ಪಕ್ಕದಲ್ಲಿ ಕೂತು, "ಇವತ್ತು ಪಾರಣಿ ವಸುಧಾ, ಉಣ್ಣು," ಎಂದು ನಂಬಿಸಿ ತುತ್ತು ಇಡಬೇಕಿತ್ತು. ಇಟ್ಟರು. ಆ ಮುದುಕಿ ಅವಳ ತಲೆ ಬಾಚಿದರು, ಸೀರೆ ಉಡಿಸಿದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಏಕಾದಶಿಯ ದಿನ ಮಾತ್ರ ಪಾರಣೆ ಎಂದು ಹೇಳಲು ಅವರ ನಾಲಿಗೆ ಏಳಲಿಲ್ಲ. ಆ ದಿನ ಅವಳು ಉಪ್ಪಿಟ್ಟು ಮುಟ್ಟದಿದ್ದರೂ, ಹೇಗೂ ಉಪವಾಸ, ಇರಲಿ ಎಂದು ಬಿಡುತ್ತಿದ್ದರು. ಮನೆಯವರೆಲ್ಲ ಉಪವಾಸ ಇದ್ದುದನ್ನು ಕಂಡ ವಸುಧಾ ಮರುದಿನವೂ ಬಾಯಿ ಬಿಗಿಹಿಡಿಯುತ್ತಿದ್ದಳು, ಅದರ ಮರುದಿನವೂ. ಒಂದು ಏಕಾದಶಿ ಅವಳಿಂದ ವಾರದ ಊಟ ಕಿತ್ತುಕೊಳ್ಳುತ್ತಿತ್ತು. ಜ್ಯೇಷ್ಠದ ಕೊನೆಯ ಏಕಾದಶಿಯ ನಂತರ ದವಾಖಾನೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಯಿತು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಸುಜಯೀಂದ್ರ ಎಲ್ಲರ ಮುಂದೆ ಹೇಳಿದ.

ಹಾಗಾಗಿ ಈ ಆಷಾಢದ ಏಕಾದಶಿಯ ಬೆಳಿಗ್ಗೆ ಅವನೂ ನಾನೂ ಮಕ್ತಲ್‌ಗೆ ಹೋದೆವು. ಗುಡಿಯಲ್ಲಿ ಗಂಟೆ ಬಾರಿಸುತ್ತಿತ್ತು. ವಸುಧಾ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದಳು. ಹೆಗಲ ಎಲುಬು ಸೀರೆಯೊಳಗಿಂದ ಎದ್ದಿತ್ತು.

"ಇವತ್ತು ಉಣಸಬೇಕ್ರಿ ಅಮ್ಮಾವ್ರ," ಎಂದ ಸುಜಯೀಂದ್ರ.

"ಉಪ್ಪಿಟ್ಟು ಮಾಡಸ್ತೀನಿ. ಮುದುಕರು, ಬೇನಿಯವರು ತಿಂತಾರ, ಶಾಸ್ತ್ರಕ್ಕ ಅಡ್ಡಿ ಇಲ್ಲ."

"ಹೋದ ಸಲ ಮಾಡಿದ್ರೆಲ್ಲ," ಎಂದೆ ನಾನು. "ಉಪ್ಪಿಟ್ಟು ಕಂಡ ಕೂಡಲೇ ಏಕಾದಶಿ ಅಂತ ಎದ್ದು ಹೋದ್ಲು. ಅನ್ನ ಕಾಣಬೇಕು ಆಕೀಗೆ. ಅನ್ನ ಕಂಡ್ರನ ಪಾರಣಿ."

"ಏಕಾದಶಿ ದಿನ ಈ ಮನ್ಯಾಗ ಅನ್ನ? ನಿನ್ನ ಬಾಯಾಗ ಹೆಂಗ ಬಂತು ವೆಂಕಟೇಶ?" ಸುಜಯೀಂದ್ರನ ಕಡೆ ತಿರುಗಿದರು. "ಪೂಜಾರಿ ಮಗ ಇದ್ದೀಯಪಾ ನೀನು. ನೀನರೆ ಹೇಳು."

"ನನ್ನ ಮಾತು ಕೇಳಬ್ಯಾಡ್ರಿ," ಎಂದ ಅವನು. "ನಾ ಕೆಡಿಸಿದವ. ಆಕೀನ್ನ ನೋಡ್ರಿ."

"ನಾ ಇಪ್ಪತ್ತು ವರ್ಷ ಈಕೀ ಕೈನೀರು ಮುಟ್ಟಲಿಲ್ಲ," ಎಂದರು ಅಂಬಾಬಾಯಿ, ಯಾರಿಗೂ ಅಲ್ಲದ ಹಾಗೆ. "ಒಂದು ಮುಟಗಿ ಅವಲಕ್ಕಿಗೆ."

ನನಗೆ ಬಾಯಿಗೆ ಬಂದದ್ದು ಬಹಳ ಇತ್ತು. ಸುಜಯೀಂದ್ರ ನನ್ನ ಮೊಣಕೈ ಹಿಡಿದುಕೊಂಡ.

ಅಂಬಾಬಾಯಿ ಎದ್ದು ಒಳಗೆ ಹೋದರು. ಸುಶಮೀಂದ್ರ ಗುಡಿಯಿಂದ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ಏನು ಮಾಡ್ಲಿಕತ್ತಿ?" ಎಂದು ಕೂಗಿದ. ಒಳಗಿನಿಂದ ಅಕ್ಕಿ ತೊಳೆಯುವ ಸದ್ದು ಬಂತು. ಅವನು ಮೊದಲ ಸಲ ಅವ್ವನ ಮುಖ ನೋಡದೆ, ಪಡಸಾಲೆಗೆ ಬಂದು ಬೀದಿಯ ಬಾಗಿಲು ಮುಚ್ಚಿ ಅಗುಳಿ ಹಾಕಿದ.

ಎಲೆಯ ಮೇಲೆ ಅನ್ನ, ತೊವ್ವೆ, ತುಪ್ಪ ಬಂತು. ಅಂಬಾಬಾಯಿ ವಸುಧಾಳ ಕೈ ಹಿಡಿದು ಕೂಡಿಸಿದರು.

"ಇವತ್ತು ಏನು ತಿಥಿ, ಅತ್ತಿ?"

"ದ್ವಾದಶಿ."

"ಪಾರಣಿ ಏನು?"

"ಹೂಂ. ಪಾರಣಿ. ಉಣ್ಣು."

ವಸುಧಾ ಅನ್ನ ನೋಡಿದಳು, ಕೈ ಮುಗಿದಳು. ತುತ್ತು ಕಲಸಿ ಬಾಯಿಯ ಹತ್ತಿರ ಒಯ್ದವಳು ನಿಲ್ಲಿಸಿ ಅತ್ತಿತ್ತ ನೋಡಿದಳು.

"ನಿಮ್ಮ ಎಲಿ ಎಲ್ಲಿ ಅತ್ತಿ? ನೀವು ಪಾರಣಿ ಮಾಡದ ನಾ ಹೆಂಗ ಉಣ್ಲಿ?"

"ನಂದು ಆತು."

"ಎಲ್ಲಿ ಆತು? ನಾ ಬಡಿಸಿಲ್ಲಲ್ಲ." ತುತ್ತು ಎಲೆಯ ಮೇಲೆ ಇಟ್ಟುಬಿಟ್ಟಳು. "ಹಿರಿಯರಿಗಿಂತ ಮೊದಲು ತಿಂದು ಕೆಟ್ಟ ಹೆಸರು ತಗೊಂಡಾಕಿ ನಾನು. ಇನ್ನ ತಿನ್ನಂಗಿಲ್ಲ."

ನಾನು ಸುಜಯೀಂದ್ರನನ್ನು ನೋಡಿದೆ. ಅವನ ಯಾವ ಓದೂ ಅಲ್ಲಿ ಕೆಲಸಕ್ಕೆ ಬರುವ ಹಾಗಿರಲಿಲ್ಲ.

ಅಂಬಾಬಾಯಿ ಇನ್ನೊಂದು ಎಲೆ ತಂದು ಹಾಸಿಕೊಂಡರು. ತಾವೇ ಅನ್ನ ಬಡಿಸಿಕೊಂಡರು. ಎಂಟನೆಯ ವಯಸ್ಸಿನಿಂದ ಹಿಡಿದ ಏಕಾದಶಿ ಅದು. ಹೆರಿಗೆಯಲ್ಲಿ ಬಿಡಲಿಲ್ಲ, ಗಂಡ ಸತ್ತಾಗ ಬಿಡಲಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ತುತ್ತು ಎತ್ತುವಾಗ ಅಗುಳು ಮಡಿಸೀರೆಯ ಮೇಲೆ ಉದುರಿದವು. ಬಾಯಿಗಿಟ್ಟುಕೊಂಡರು. ನುಂಗಲು ಬಹಳ ಹೊತ್ತು ಬೇಕಾಯಿತು.

"ಹಾಂ, ಈಗ ಸರಿ," ಎಂದು ವಸುಧಾ ನಕ್ಕು, ತನ್ನ ತುತ್ತು ತಿಂದಳು. ಇನ್ನೊಂದು ತಿಂದಳು. ಮತ್ತೆ ಕೈ ನಿಲ್ಲಿಸಿ ಅತ್ತೆಯ ಎಲೆ ನೋಡಿದಳು.

ಅಂಬಾಬಾಯಿ ಎರಡನೆಯ ತುತ್ತು ಕಲಸಿದರು.